ಮುಳ್ಳು ತಾಗದ ತೋಡಿ

ಮಾದನಾಯಕನಹಳ್ಳಿ
12 ಜನವರಿ 2025

ರುದ್ರೇಶ್ ಅವರಿಗೆ,

ಈ ಪತ್ರ ನಿಮಗೆ ರೆಕಾರ್ಡಿನ ಕವರಿನೊಳಗೆ ಸಿಗುತ್ತದೆ. ಕಳೆದ ಭಾನುವಾರ ನೀವು ವೈಟ್‌ಫೀಲ್ಡಿನಿಂದ ನಮ್ಮ ಮನೆಗೆ ಬಂದು ನನ್ನ ಎಲ್‌ಪಿಗಳನ್ನು ಕೊಳ್ಳುವ ಮಾತಾಡಿದಿರಿ. ನಾನು ಮಾರುವುದಿಲ್ಲ ಎಂದೆ. ಆಮೇಲೆ ಕಾಫಿ ಕುಡಿಯುತ್ತ ಇಬ್ಬರೂ ಒಂದು ಏರ್ಪಾಡಿಗೆ ಒಪ್ಪಿದೆವು. ಅದನ್ನು ಬರೆದು ತಿಳಿಸುವುದು ಒಳ್ಳೆಯದು. ಕೇಳಿಸಿದ್ದೆಷ್ಟು, ಊಹಿಸಿದ್ದೆಷ್ಟು ಎಂಬುದು ಈಗೀಗ ನನಗೇ ಖಾತ್ರಿಯಿಲ್ಲ.

ಮೂರು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ನನ್ನ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಯಂತ್ರ ಹಾಕಿಕೊಂಡರೆ ಎದುರು ಕೂತವರ ಮಾತು ತಿಳಿಯುತ್ತದೆ, ಫೋನಿನಲ್ಲಿ ತಿಳಿಯುವುದಿಲ್ಲ. ಸಂಗೀತವಂತೂ ತಗಡಿನ ಮೇಲೆ ಕಾಳು ಸುರಿದ ಹಾಗೆ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಷ್ಟು ವರ್ಷ ಸಂಬಳ ಬಂದಾಗಲೆಲ್ಲ ಒಂದೊಂದಾಗಿ ಕೊಂಡ ರೆಕಾರ್ಡುಗಳು ಇವು. ಈಗ ನಾನು ಅವನ್ನು ಪ್ಲೇಯರಿಗೆ ಹಾಕಿ ಸ್ಪೀಕರಿನ ಮರದ ಮೇಲೆ ಬೆರಳಿಟ್ಟು ಕೂರುತ್ತೇನೆ. ತಬಲಾ ಬೆರಳಿಗೆ ಬರುತ್ತದೆ, ದನಿ ಬರುವುದಿಲ್ಲ.

ಏರ್ಪಾಡು ಇಷ್ಟು: ನಾನು ಒಂದು ರೆಕಾರ್ಡ್ ಕಳಿಸುತ್ತೇನೆ. ನೀವು ಅದನ್ನು ಹಾಕಿ, ಕೂತು ಕೇಳಿ, ಕೇಳಿದ್ದನ್ನು ಬರೆದು ಕಳಿಸುತ್ತೀರಿ. ವಿಮರ್ಶೆ ಬೇಡ, ಹೊಗಳಿಕೆ ಬೇಡ. ಏನು ಕೇಳಿಸಿತೋ ಅದು. ಮೊದಲನೆಯದಾಗಿ ಸಿದ್ದಲಿಂಗಯ್ಯನವರ ಭೀಮಪಲಾಸಿ ಕಳಿಸಿದ್ದೇನೆ.

ವತ್ಸಲಾ


ಪಟ್ಟಂದೂರು ಅಗ್ರಹಾರ
27 ಜನವರಿ 2025

ವತ್ಸಲಾ ಮೇಡಂ ಅವರಿಗೆ ಶರಣು.

ನನಗೆ ಪತ್ರ ಬರೆದು ರೂಢಿಯಿಲ್ಲ. ದಾವಣಗೆರೆಯಲ್ಲಿ ಓದುವಾಗ ಹಾಸ್ಟೆಲ್‌ನಿಂದ ಅಪ್ಪಾಜಿಗೆ ಬರೆದದ್ದೇ ಕೊನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ರಜೆ. ಬೆಳಿಗ್ಗೆ ತಿಂಡಿ ಮುಗಿಸಿ ರೆಕಾರ್ಡ್ ಹಾಕಿದೆ. ಮೊದಲು ತಂಬೂರಿ ಬರುತ್ತದೆ, ಅದರ ಹಿಂದೆ ಚಟ್ ಚಟ್ ಅಂತ ಒಂದು ಸದ್ದು. ಮಧ್ಯದಲ್ಲಿ ಗೀರು ಇದೆ ಅನ್ನಿಸುತ್ತದೆ, ಸುತ್ತಿಗೊಮ್ಮೆ ಬರುತ್ತದೆ. ಸ್ವಲ್ಪ ಹೊತ್ತು ತಾಳಕ್ಕೆ ಕೂಡುತ್ತದೆ, ಆಮೇಲೆ ತಪ್ಪುತ್ತದೆ. ಸಿದ್ದಲಿಂಗಯ್ಯನವರು ಶುರು ಮಾಡುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಮೇಲಿನ ಫ್ಲಾಟಿನವರು ಡ್ರಿಲ್ಲಿಂಗ್ ಶುರು ಮಾಡಿದರು. ನನ್ನ ಹೆಂಡತಿ ಮೇಘಾ ಬಂದು, "ಇದೂ ರೆಕಾರ್ಡಿನಲ್ಲೇ ಇರೋದೇನ್ರೀ?" ಅಂದಳು. ನಗು ಬಂದು ಕೆಲವು ಸಾಲು ತಪ್ಪಿಹೋದವು. ಎದ್ದು ಪ್ಲೇಯರಿನ ಮುಳ್ಳು ಹಿಂದಕ್ಕೆ ಇಟ್ಟೆ. ತಿರುಗಿಸಿ ಹಾಕಿದ ಮೇಲೆ ಹಾಡು ಚುರುಕಾಗುತ್ತದೆ. ಒಂದು ಕಡೆ ಅವರಿಗೆ ಉಸಿರು ಸಾಲದೆ ಸಾರಂಗಿಯವರು ಆ ಜಾಗ ತುಂಬುತ್ತಾರೆ. ನನಗೆ ಅದೇ ಬಹಳ ಹಿಡಿಸಿತು. ಯಾಕೆ ಅಂತ ಹೇಳಲು ಬರುವುದಿಲ್ಲ.

ಇಷ್ಟೇ ಮೇಡಂ. ರೆಕಾರ್ಡ್ ವಾಪಸ್ ಕಳಿಸುತ್ತಿದ್ದೇನೆ.

ರುದ್ರೇಶ್


ಮಾದನಾಯಕನಹಳ್ಳಿ
9 ಫೆಬ್ರವರಿ 2025

ಪ್ರಿಯ ರುದ್ರೇಶ್,

ನಿಮ್ಮ ಪತ್ರವನ್ನು ಎದುರಿಗಿಟ್ಟುಕೊಂಡೇ ಭೀಮಪಲಾಸಿ ಹಾಕಿದೆ. ಚಟ್ ಚಟ್ ಸದ್ದನ್ನು ನಾನು ಮರೆತೇಬಿಟ್ಟಿದ್ದೆ. ನೀವು ಬರೆದದ್ದನ್ನು ಓದಿದ ಕೂಡಲೇ ನನ್ನೊಳಗೆ ಅದು ಶುರುವಾಯಿತು, ಅದರ ಹಿಂದೆ ತಂಬೂರಿ, ತಂಬೂರಿಯ ಹಿಂದೆ ಇಡೀ ಹಾಡು. ಇದನ್ನು ನಿಮಗೆ ಹೇಗೆ ವಿವರಿಸಲಿ? ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ಎಲ್ಲಿದೆ ಎಂದು ಯಾರೋ ನನ್ನ ಕೈ ಹಿಡಿದು ತೋರಿಸಿದ ಹಾಗಾಯಿತು.

ನಾನು ಹೆಚ್ಚು ಓದುವುದು ಬೇರೆ ದೇಶಗಳ ಕಾದಂಬರಿಗಳ ಅನುವಾದ. ಆ ಭಾಷೆ ನನಗೆ ಬಾರದು. ಅನುವಾದಕ ಮೂಲವನ್ನು ಸಾಲುಸಾಲಾಗಿ ಓದಿದ್ದಾನೆ ಎಂದು ನಂಬುತ್ತೇನೆ. ಆ ನಂಬಿಕೆ ಇಲ್ಲದಿದ್ದರೆ ಪುಸ್ತಕ ತೆರೆಯುವುದರಲ್ಲೇ ಅರ್ಥವಿಲ್ಲ. ಈಗ ನೀವು ನನಗೆ ಅಂಥವರು. ಡ್ರಿಲ್ಲಿಂಗ್ ಸದ್ದನ್ನೂ ಬಿಡದೆ ಬರೆದಿರಿ. ಅದರಿಂದಲೇ ಉಳಿದದ್ದನ್ನೂ ನಂಬಿದೆ.

ಈ ಸಲ ಭರಮಪ್ಪನವರ ಮಾರ್ವಾ. ಅವಸರವಿಲ್ಲ.

ವತ್ಸಲಾ


ಪಟ್ಟಂದೂರು ಅಗ್ರಹಾರ
6 ಏಪ್ರಿಲ್ 2025

ಅಕ್ಕನವರಿಗೆ ಶರಣು.

ತಡವಾಯಿತು, ಕ್ಷಮಿಸಿ. ಆಫೀಸಿನಲ್ಲಿ ಕೆಲಸ ಹೆಚ್ಚು. ಜೊತೆಗೆ ರೆಕಾರ್ಡ್ ಕೊಂಡು ಮಾರುವ ಓಡಾಟವೂ ಹೆಚ್ಚಿದೆ. ನಿಮಗೆ ಆಶ್ಚರ್ಯ ಆಗಬಹುದು, ಈಗ ಇಲ್ಲಿ ರೆಕಾರ್ಡ್ ಕೊಳ್ಳುವವರೆಲ್ಲ ಇಪ್ಪತ್ತೈದು, ಮೂವತ್ತರ ಹುಡುಗರು. ಫೋನಿನಲ್ಲಿ ಲೋಕದ ಹಾಡೆಲ್ಲ ಇದ್ದರೂ ಅವರಿಗೆ ಕೈಯಲ್ಲಿ ಹಿಡಿಯುವ ವಸ್ತು ಬೇಕು. ಎಷ್ಟೋ ಜನರ ಮನೆಯಲ್ಲಿ ಪ್ಲೇಯರೇ ಇಲ್ಲ. ಕವರನ್ನು ಗೋಡೆಗೆ ಹಾಕುತ್ತಾರೆ. ತಿಂಗಳಿಗೊಮ್ಮೆ ಐಟಿ ಪಾರ್ಕಿನ ಹಿಂದಿನ ಕೆಫೆಯಲ್ಲಿ ರೆಕಾರ್ಡ್ ಸಂಜೆ ಅಂತ ನಡೆಸುತ್ತಿದ್ದೇನೆ, ಕೂರಲು ಜಾಗ ಸಾಲುವುದಿಲ್ಲ.

ಮಾರ್ವಾ ಬಗ್ಗೆ ಏನು ಹೇಳಲಿ ಅಕ್ಕಾ! ಸೂರ್ಯ ಮುಳುಗಿದ ಮೇಲೂ ಆಕಾಶದಲ್ಲಿ ಉಳಿಯುವ ಕೆಂಪಿನ ಹಾಗೆ ಭರಮಪ್ಪನವರ ದನಿ. ಷಡ್ಜ ಹತ್ತಿರವೇ ಇದ್ದರೂ ಅಲ್ಲಿಗೆ ಹೋಗಲು ಮನಸ್ಸಿಲ್ಲದೆ ಅಲೆಯುವ ಒಂಟಿ ಪಯಣಿಗನ ಹಾಗೆ. ಮೊದಲ ಸ್ವರದಿಂದ ಕೊನೆಯ ತಾನದವರೆಗೆ ಎಲ್ಲೂ ಕಡಿಯದೆ ಒಂದೇ ಹೊಳೆಯಾಗಿ ಹರಿಯುತ್ತದೆ. ನಾನು ಎದ್ದೇಳಲೇ ಇಲ್ಲ, ಅಲುಗಾಡಲೂ ಇಲ್ಲ.

ರೆಕಾರ್ಡಿಗೆ ಹೊಸ ಪ್ಲಾಸ್ಟಿಕ್ ಕವರ್ ಹಾಕಿ ಕಳಿಸಿದ್ದೇನೆ. ಹಳೆಯ ಕಾಗದದ ಒಳಚೀಲವನ್ನೂ ಬದಲಾಯಿಸಿದೆ.

ನಿಮ್ಮ
ರುದ್ರೇಶ್


ಮಾದನಾಯಕನಹಳ್ಳಿ
20 ಏಪ್ರಿಲ್ 2025

ಚಿ. ರುದ್ರೇಶ,

ಅಕ್ಕ ಎಂದು ಕರೆದ ಮೇಲೆ ನಿನಗೆ ಇನ್ನು ಬಹುವಚನ ಬೇಡ ಎಂದುಕೊಂಡಿದ್ದೇನೆ. ನಿನ್ನ ಬರವಣಿಗೆ ಎಷ್ಟು ಬೆಳೆದಿದೆ! ಷಡ್ಜಕ್ಕೆ ಹೋಗಲೊಲ್ಲದೆ ಅಲೆಯುವುದು ಮಾರ್ವಾದ ಜೀವ. ಅದನ್ನು ಇಷ್ಟು ಬೇಗ ಹಿಡಿದೆಯಲ್ಲ.

ಒಂದು ಸಣ್ಣ ಸಂಗತಿ. ನನ್ನ ನೆನಪಿನಲ್ಲಿ ಆ ಹಾಡು ಮೊದಲ ಬದಿಯ ಕೊನೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಎದ್ದು ತಿರುಗಿಸಿ ಹಾಕಬೇಕು. ಭರಮಪ್ಪನವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ ಎಂದು ನನಗೆ ಆಗೆಲ್ಲ ಕಸಿವಿಸಿ. ನೀನು ಕಡಿಯದೆ ಎಂದು ಬರೆದಿದ್ದೀಯ. ಮನಸ್ಸಿನಲ್ಲಿ ಕಡಿಯಲಿಲ್ಲ ಎಂದಿರಬೇಕು. ಒಳ್ಳೆಯ ಕೇಳುಗನಿಗೆ ಹಾಗೆ ಆಗುತ್ತದೆ.

ಪ್ಲಾಸ್ಟಿಕ್ ಕವರಿಗೆ ಕೃತಜ್ಞತೆ. ನನ್ನ ರೇಷ್ಮೆ ಸೀರೆಗಳಿಗೂ ಇಂಥ ಉಪಚಾರ ಆಗಿಲ್ಲ.

ನಿನಗೆ ಹೇಳಬೇಕಾದ ಇನ್ನೊಂದು ಮಾತಿದೆ. ನನ್ನ ನಂತರ ಈ ರೆಕಾರ್ಡುಗಳೆಲ್ಲ ನಿನಗೆ ಸೇರಬೇಕು ಎಂದು ಉಯಿಲು ಬರೆಸುತ್ತಿದ್ದೇನೆ. ವಕೀಲರಿಗೆ ಹೇಳಿಯಾಗಿದೆ, ಸಹಿಯೊಂದು ಬಾಕಿ. ನನ್ನ ತಮ್ಮ ನಾಣಿ ಇದನ್ನು ಕೇಳಿ, ತನಗೆ ನಲ್ಲಪ್ಪನವರ ನಾಟಕ ಕಂಪನಿಯ ಹಾಸ್ಯದ ರೆಕಾರ್ಡ್ ಒಂದಿದ್ದರೆ ಸಾಕು, ಉಳಿದ ಅಳುಬುರುಕ ರಾಗಗಳನ್ನು ಯಾರಿಗಾದರೂ ಕೊಡು ಎಂದ.

ಈಗ ಕಳಿಸುತ್ತಿರುವುದು ಲಕ್ಷ್ಮವ್ವನವರ ತೋಡಿ. ನನ್ನ ಬಳಿ ಇರುವುದರಲ್ಲೆಲ್ಲ ನನಗೆ ಹೆಚ್ಚಿನದು. ಎರಡನೇ ಬದಿ ಶುರುವಾದ ಸ್ವಲ್ಪದರಲ್ಲೇ ಲಕ್ಷ್ಮವ್ವ ಹಾಡು ನಿಲ್ಲಿಸಿ ತಬಲಾದವನಿಗೆ ಮೆಲ್ಲಗೆ ಏನೋ ಹೇಳುತ್ತಾರೆ. ರೆಕಾರ್ಡಿನಲ್ಲಿ ಅದು ಹಾಗೇ ಉಳಿದುಹೋಗಿದೆ. ಏನು ಹೇಳಿದರು ಎಂಬುದು ನನಗೂ ನಾಣಿಗೂ ನಮ್ಮ ಪ್ರಾಯದಿಂದ ಇರುವ ಜಗಳ. ಬೈದರು ಎನ್ನುತ್ತಾನೆ ಅವನು. ಮೆಚ್ಚಿದರು ಎನ್ನುತ್ತೇನೆ ನಾನು. ಕಿವಿ ಇದ್ದಾಗ ಎಷ್ಟು ಸಲ ಕೇಳಿದರೂ ಇತ್ಯರ್ಥವಾಗಲಿಲ್ಲ. ನಾಳೆ ಕೇಳಿದರಾಯಿತು ಎಂದು ಬಿಟ್ಟದ್ದೂ ಉಂಟು.

ನಿನ್ನ ಮನೆಯ ಪ್ಲೇಯರ್ ಒಳ್ಳೆಯದು, ನಿನ್ನ ಕಿವಿ ಎಳೆಯದು. ಏನು ಹೇಳುತ್ತಾರೆ ಎಂದು ಕೇಳಿ ಬರೆಯುತ್ತೀಯಾ? ಇದೊಂದು ನನಗೆ ಬೇಕು.

ವತ್ಸಲಕ್ಕ


ಪಟ್ಟಂದೂರು ಅಗ್ರಹಾರ
15 ಜೂನ್ 2025

ಅಕ್ಕಾ, ಶರಣು.

ಉಯಿಲಿನ ವಿಷಯವನ್ನು ಮೇಘಾಳಿಗೂ ಓದಿ ಹೇಳಿದೆ. ಇಷ್ಟು ದೊಡ್ಡ ಮಾತಿಗೆ ನಾನು ತಕ್ಕವನೋ ಅಲ್ಲವೋ. ನಿಮ್ಮ ಸಂಗ್ರಹಕ್ಕೆ ಒಂದು ಕೂದಲೆಳೆಯಷ್ಟು ಗೀರೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆ, ಅಷ್ಟು ಭಾಷೆ ಕೊಡಬಲ್ಲೆ.

ತೋಡಿಯನ್ನು ಎರಡು ದಿನ ಕೇಳಿದೆ. ಬೆಳಗಿನ ಮಂಜಿನಲ್ಲಿ ಒಬ್ಬಳೇ ನಡೆಯುವ ಹೆಂಗಸು, ಅವಳ ಎದೆಯಲ್ಲಿ ಯಾರಿಗೂ ಹೇಳದ ದುಃಖ, ಆದರೂ ಹೆಜ್ಜೆ ತಪ್ಪುವುದಿಲ್ಲ. ಲಕ್ಷ್ಮವ್ವನವರ ಗಾಂಧಾರ ಕೇಳಿ ಕಣ್ಣು ಒದ್ದೆಯಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ: ಜಗಳದಲ್ಲಿ ನೀವು ಗೆದ್ದಿರಿ ಅಕ್ಕಾ. ಬಹಳ ಮೆಲ್ಲಗೆ, ನಕ್ಕು, "ಭೇಷ್, ತಮ್ಮಾ" ಅನ್ನುತ್ತಾರೆ. ಸ್ಪಷ್ಟವಾಗಿ ಕೇಳಿಸಿತು. ನಾಣಿ ಸರ್‌ಗೆ ಹೇಳಿ.

ತೋಡಿ ಇನ್ನು ಸ್ವಲ್ಪ ದಿನ ನನ್ನ ಹತ್ತಿರ ಇರಲಿ. ಇನ್ನೊಮ್ಮೆ ಕೇಳುವ ಆಸೆ.

ನಿಮ್ಮ ತಮ್ಮ
ರುದ್ರೇಶ್


ಮಾದನಾಯಕನಹಳ್ಳಿ
13 ಜುಲೈ 2025

ರುದ್ರೇಶ,

ನಿನ್ನ ಪತ್ರ ಬಂದ ದಿನವೇ ನಾಣಿಗೆ ತೋರಿಸಿದೆ. ಅವನು ಸೋಲೊಪ್ಪಿಕೊಂಡು ಮೈಸೂರು ಪಾಕ್ ತಂದುಕೊಟ್ಟ. ಸುಮಾರು ಒಂದು ತಿಂಗಳು ನಾನು ಆ ಎರಡು ಮಾತಿನೊಂದಿಗೆ ಇದ್ದೆ. ಭೇಷ್, ತಮ್ಮಾ. ಅಡುಗೆ ಮಾಡುವಾಗ, ಬಟ್ಟೆ ಒಣಗಿಸುವಾಗ ಲಕ್ಷ್ಮವ್ವ ನನ್ನೊಳಗೆ ಅದನ್ನೇ ಹೇಳುತ್ತಿದ್ದರು. ಅವರ ದನಿಯಲ್ಲೇ ಹೇಳುತ್ತಿದ್ದರು.

ಮೊನ್ನೆ ನಾಣಿ ಬಂದಿದ್ದ. ಅವನಿಗೆ ಪ್ರಿಯವಾದ ನಲ್ಲಪ್ಪನವರ ಹಾಸ್ಯ ಕೇಳಬೇಕೆನಿಸಿತು. ಅದರ ಕವರ್ ಸಿಕ್ಕಿತು, ಒಳಗೆ ರೆಕಾರ್ಡ್ ಇರಲಿಲ್ಲ. ಪ್ಲೇಯರಿನ ಮುಚ್ಚಳ ತೆಗೆದ. ಅಲ್ಲಿ ಒಂದು ರೆಕಾರ್ಡ್ ಇತ್ತು. ಬಗ್ಗಿ ಲೇಬಲ್ ಓದಿ ಅದನ್ನೇ ತಿರುಗಲು ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, ನಾನು ಅವನ ತುಟಿ ಓದಬಲ್ಲೆ ಎಂದು ನಿಧಾನವಾಗಿ ಹೇಳಿದ: "ಅಕ್ಕಾ, ತೋಡಿ ಇಲ್ಲೇ ತಿರುಗ್ತಾ ಇದೆ ಕಣೇ. ಅಲ್ಲಿ ಅವನು ಕೇಳಿದ್ದೇನು?"

ಆದದ್ದು ಇಷ್ಟು. ಪಾರ್ಸೆಲ್ ಕಟ್ಟುವ ಮೊದಲು ಇನ್ನೊಮ್ಮೆ ಬೆರಳಿಟ್ಟು ಕೂರೋಣವೆಂದು ತೋಡಿ ಹಾಕಿದೆ. ಪ್ಲೇಯರಿನ ಮೇಲೆ ಅದಕ್ಕೂ ಮೊದಲೇ ನಲ್ಲಪ್ಪನವರ ಹಾಸ್ಯ ಇತ್ತು. ಅದನ್ನು ತೆಗೆದು ಕೈಗೆ ಹತ್ತಿರವಿದ್ದ ಕವರಿಗೆ, ಅಂದರೆ ತೋಡಿಯ ಕವರಿಗೆ ಸೇರಿಸಿದೆ. ಆಮೇಲೆ ಆ ಕವರನ್ನೇ ಪಾರ್ಸೆಲ್ ಕಟ್ಟಿದೆ, ಪ್ಲೇಯರಿನ ಮುಚ್ಚಳವನ್ನು ಮತ್ತೆ ತೆಗೆಯಲೇ ಇಲ್ಲ. ರೆಕಾರ್ಡ್ ಇಟ್ಟುಕೊಂಡವರೆಲ್ಲ ಎಂದಾದರೂ ಮಾಡುವ ತಪ್ಪು. ಎರಡೂ ಒಂದೇ ಕಂಪನಿಯವು, ಒಂದೇ ಕೆಂಪು ಲೇಬಲ್.

ಆದ್ದರಿಂದ ನೀನು ಎರಡು ದಿನ ಕೇಳಿ ಕಣ್ಣು ಒದ್ದೆ ಮಾಡಿಕೊಂಡದ್ದು ನಾಟಕ ಕಂಪನಿಯ ಹಾಸ್ಯವಾಗಬೇಕು. ಅತ್ತೆಗೆ ಹೆದರಿ ಅಳಿಯ ಅಕ್ಕಿ ಡಬ್ಬದಲ್ಲಿ ಅಡಗುವ ಪ್ರಸಂಗ ಅದು.

ನಾಣಿ ಪೂರ್ತಿ ತೋಡಿ ಕೇಳಿದ. ಎರಡನೇ ಬದಿಯ ಆ ಜಾಗ ಬಂದಾಗ ಅವನು ಏನೋ ಹೇಳಲು ಬಾಯಿ ತೆರೆದ. ನಾನು ಮುಖ ತಿರುಗಿಸಿಕೊಂಡೆ. ಗೆದ್ದವಳಾಗಿ ಒಂದು ತಿಂಗಳು ಕಳೆದ ಮೇಲೆ ಅವನ ತುಟಿಯಿಂದ ಅದನ್ನು ಓದಲು ಮನಸ್ಸಾಗಲಿಲ್ಲ.

ನಿನ್ನ ಬಳಿ ಇರುವ ರೆಕಾರ್ಡನ್ನು ಹೊರಗೆ ತೆಗೆದು, ಅದರ ಲೇಬಲ್ ಮೇಲೆ ಯಾರ ಹೆಸರಿದೆ ಎಂದು ಓದಿ ಬರೆ. ನನಗೆ ತಿಳಿಯದ್ದು ಏನಾದರೂ ಇದ್ದರೆ ಅದನ್ನೂ ಬರೆ. ಇದ್ದರೆ ಒಳ್ಳೆಯದು.

ವತ್ಸಲಾ


ಪಟ್ಟಂದೂರು ಅಗ್ರಹಾರ
10 ಆಗಸ್ಟ್ 2025

ಮೇಡಂ ಅವರಿಗೆ,

ಲೇಬಲ್ ಮೇಲೆ ನಲ್ಲಪ್ಪ ಮತ್ತು ಸಂಗಡಿಗರು ಅಂತ ಇದೆ.

ಎಷ್ಟೋ ಸಲ ಬರೆಯಲು ಕೂತು ಎದ್ದೆ. ಸುಳ್ಳು ಹೇಳಿದರೆ ನೀವು ಕಂಡುಹಿಡಿಯುತ್ತೀರಿ, ಅದಕ್ಕೆ ಇದ್ದದ್ದನ್ನೇ ಬರೆಯುತ್ತೇನೆ. ಭೀಮಪಲಾಸಿಯನ್ನು ಮಾತ್ರ ನಾನು ನಿಜವಾಗಿ ಹಾಕಿ ಕೇಳಿದ್ದು. ಉಳಿದದ್ದನ್ನು ಫೋನಿನಲ್ಲಿ ಕೇಳಿದೆ. ಮಾರ್ವಾ, ತೋಡಿ ಎರಡೂ ಆಪ್‌ನಲ್ಲಿ ಇವೆ. ಅಲ್ಲಿ ಎರಡೂ ಬದಿ ಸೇರಿಸಿ ಒಂದೇ ಮಾಡಿದ್ದಾರೆ. ಆಫೀಸಿನ ಬಸ್ಸಿನಲ್ಲಿ, ಸಿಗ್ನಲ್ ಹತ್ತಿರ ನಿಂತಾಗ ಕೇಳಿ ಮನೆಗೆ ಬಂದು ಬರೆಯುತ್ತಿದ್ದೆ. ಹಳೆಯ ಸದ್ದುಗಳನ್ನೆಲ್ಲ ತೆಗೆದು ಶುದ್ಧ ಮಾಡಿದ್ದಾರೆ. ಲಕ್ಷ್ಮವ್ವನವರು ತಬಲಾದವರಿಗೆ ಹೇಳುವ ಮಾತು ಅಲ್ಲಿ ಇಲ್ಲವೇ ಇಲ್ಲ. ನಿಮಗೆ ಬೇಸರ ಆಗಬಾರದು ಅಂತ ಹಾಗೆ ಬರೆದೆ. ನಿಮಗೆ ಯಾವ ಉತ್ತರ ಬೇಕಿತ್ತು ಅನ್ನುವುದು ನಿಮ್ಮ ಪತ್ರದಲ್ಲೇ ಇತ್ತು.

ಮೇಡಂ, ನೀವು ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಮುಳ್ಳು ಇಟ್ಟಷ್ಟು ಸಲ ರೆಕಾರ್ಡ್ ಸವೆಯುತ್ತದೆ. ಈ ವ್ಯವಹಾರದಲ್ಲಿ ಒಂದೊಂದು ರೆಕಾರ್ಡಿಗೂ ದರ್ಜೆ ಹಾಕುತ್ತಾರೆ, ಸಣ್ಣ ಗೀರಿಗೂ ದರ್ಜೆ ಇಳಿಯುತ್ತದೆ. ಭೀಮಪಲಾಸಿ ಕೇಳಿದ ಮೇಲೆ ನನಗೆ ಹೆದರಿಕೆಯಾಯಿತು. ಇಂಥ ಸ್ಥಿತಿಯ ತೋಡಿ ಬೇರೆ ಎಲ್ಲಿಯೂ ನಾನು ಕಂಡಿಲ್ಲ. ಬಂದ ದಿನ ದೀಪದ ಕೆಳಗೆ ಹಿಡಿದು ಎರಡೂ ಬದಿಯನ್ನು ಇಂಚಿಂಚು ನೋಡಿದೆ. ಒಂದು ಗೀರು ಇಲ್ಲ. ಹೆಸರು ಓದಲು ತೋಚಲೇ ಇಲ್ಲ, ಅದು ನನಗೂ ನಾಚಿಕೆ. ಹಾಳಾಗಬಾರದು ಅಂತಲೇ ಹಾಕಲಿಲ್ಲ. ಒಂದು ಲೆಕ್ಕದಲ್ಲಿ ನಿಮ್ಮ ರೆಕಾರ್ಡ್ ಕಾಪಾಡಿದ್ದು ನಾನೇ.

ಮೇಘಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಕೇಳಿದ್ದು, "ಅವರು ಕಿವಿ ಕೇಳೋರಾಗಿದ್ರೆ ನೀವು ಹಿಂಗೆ ಮಾಡ್ತಿದ್ರಾ?" ಅಂತ.

ನೀವು ಕ್ಷಮಿಸಿದರೆ ಮೊದಲಿನಿಂದ ಶುರು ಮಾಡೋಣ. ಈ ಸಲ ಹಾಕಿ ಕೇಳುತ್ತೇನೆ. ಉಯಿಲಿನ ಬಗ್ಗೆ ಅವಸರದ ತೀರ್ಮಾನ ಮಾಡಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ನನಗಾಗಿ ಅಲ್ಲ. ಅವುಗಳ ಬೆಲೆ ತಿಳಿಯದವರ ಕೈಗೆ ಹೋಗಬಾರದು ಅಂತ.

ರುದ್ರೇಶ್


ಮಾದನಾಯಕನಹಳ್ಳಿ
24 ಆಗಸ್ಟ್ 2025

ಶ್ರೀ ರುದ್ರೇಶ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಇದ್ದದ್ದನ್ನೇ ಬರೆಯುತ್ತೇನೆ ಎಂದಿದ್ದೀರಿ. ಅದನ್ನು ಓದುವ ಹೊತ್ತಿಗೆ ನೀವು ಬರೆಯದೆ ಬಿಟ್ಟದ್ದೂ ನನಗೆ ತಿಳಿದಿತ್ತು.

ನಾಣಿಯ ಮಗಳು ತನ್ಮಯಿ ಫೋನಿನಲ್ಲಿ ನಿಮ್ಮ ಮಾರಾಟದ ಪುಟ ತೋರಿಸಿದಳು. ಭೀಮಪಲಾಸಿ, ಮಾರ್ವಾ, ತೋಡಿ, ಮೂರರ ಕವರುಗಳೂ ಅಲ್ಲಿವೆ. ನೀವು ಹಾಕಿದ ಪ್ಲಾಸ್ಟಿಕ್‌ನಲ್ಲಿ ಚೆನ್ನಾಗಿ ಹೊಳೆಯುತ್ತಿವೆ. ಮಾರ್ವಾದ ಕೆಳಗೆ ಆಕಾಶದ ಕೆಂಪು, ತೋಡಿಯ ಕೆಳಗೆ ಮಂಜಿನಲ್ಲಿ ನಡೆಯುವ ಹೆಂಗಸು. ನನಗೆ ಬರೆದ ಸಾಲುಗಳೇ, ಒಂದಕ್ಷರ ಬದಲಾಗಿಲ್ಲ. ಅವುಗಳ ಮೇಲೆ, ಕಿವಿ ಕಳೆದುಕೊಂಡ ಹಿರಿಯ ಶ್ರೋತೃವಿನ ಮನೆಯಿಂದ, ಸದ್ಯದಲ್ಲೇ, ಎಂದಿದೆ. ಸದ್ಯದಲ್ಲೇ ಎಂಬುದನ್ನು ನಾನು ಬಹಳ ಹೊತ್ತು ನೋಡಿದೆ. ನನ್ನ ನಂತರ ಎಂದು ನಾನು ಬರೆದದ್ದನ್ನು ನೀವು ಹೀಗೆ ಓದಿದ್ದೀರಿ.

ಅದರ ಕೆಳಗೆ ಹಲವರು ಹೃದಯದ ಚಿತ್ರ ಹಾಕಿದ್ದಾರೆ. ಒಬ್ಬರು, ಪಾಪ ಆ ಅಜ್ಜಿ, ಎಂದು ಬರೆದಿದ್ದಾರೆ. ನೀವು ಅವರಿಗೆ ಕೈಮುಗಿದ ಚಿತ್ರ ಹಾಕಿದ್ದೀರಿ.

ಭೀಮಪಲಾಸಿ ಪತ್ರದ ಸಾಲು ಮಾತ್ರ ಆ ಪುಟದಲ್ಲಿ ಇಲ್ಲ. ಡ್ರಿಲ್ಲಿಂಗ್, ಚಟ್ ಚಟ್ ಸದ್ದು, ಮೇಘಾ ಅವರ ಮಾತು, ಇವು ಮಾರಾಟಕ್ಕೆ ಬರುವುದಿಲ್ಲ ಎಂದು ಕಾಣುತ್ತದೆ. ಆ ಒಂದು ಪತ್ರವನ್ನು ನಾನು ಇಟ್ಟುಕೊಂಡಿದ್ದೇನೆ. ಉಳಿದ ಮೂರನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ.

ನಾನು ಕೇಳಬೇಕಾದ ಪ್ರಶ್ನೆಯನ್ನು ನನ್ನ ಬದಲು ನಿಮ್ಮ ಹೆಂಡತಿ ಕೇಳಿದ್ದಾರೆ. ಅವರಿಗೆ ನನ್ನ ನಮಸ್ಕಾರ ಹೇಳಿ. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಿವಿ ಹೋದ ಮೇಲೆ ಬಹಳ ಜನ ನನ್ನೆದುರು ತುಟಿ ಅಲುಗಿಸಿ ಏನೂ ಹೇಳದೆ ಹೋಗುತ್ತಾರೆ. ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ. ನಾನು ತಲೆಯಾಡಿಸುತ್ತೇನೆ. ಅವರು ಯಾರೂ ನನ್ನನ್ನು ಅಕ್ಕ ಎಂದು ಕರೆದಿರಲಿಲ್ಲ, ನಾನು ಯಾರಿಂದಲೂ ಏನನ್ನೂ ಕೇಳಿರಲಿಲ್ಲ. ನಿಮ್ಮಿಂದ ಒಂದು ಕೇಳಿದೆ. ಕೇಳಿಸಲಿಲ್ಲ ಎಂದು ಬರೆದಿದ್ದರೆ ನನಗೆ ಅದೂ ಉತ್ತರವೇ ಆಗಿರುತ್ತಿತ್ತು. ಈಗ ಲಕ್ಷ್ಮವ್ವನ ದನಿಯಲ್ಲಿ ನಿಮ್ಮ ಎರಡು ಮಾತು ಕೂತಿದೆ. ಅದನ್ನು ಹೇಗೆ ತೆಗೆಯುವುದು ಎಂದು ನನಗೆ ಗೊತ್ತಿಲ್ಲ. ಯಾವ ಆಪ್‌ನವರೂ ಅದನ್ನು ಶುದ್ಧ ಮಾಡಿಕೊಡಲಾರರು.

ಉಯಿಲಿಗೆ ಸಹಿ ಆಗಿರಲಿಲ್ಲ, ಇನ್ನು ಆಗುವುದೂ ಇಲ್ಲ. ನಲ್ಲಪ್ಪನವರ ರೆಕಾರ್ಡ್ ನಾಣಿಯದು. ಅದನ್ನು ತೋಡಿಯ ಕವರಿನ ಸಮೇತ ಕೊರಿಯರ್ ಮಾಡಿ. ಮನೆಗೆ ತರುವುದು ಬೇಡ.

ರೆಕಾರ್ಡುಗಳ ಬಗ್ಗೆ ತೀರ್ಮಾನ ಮಾಡಿದ್ದೇನೆ. ನಮ್ಮ ಬಡಾವಣೆಯ ಮಹಿಳಾ ಸಮಾಜದ ಕೋಣೆ ಮಧ್ಯಾಹ್ನ ಖಾಲಿ ಇರುತ್ತದೆ. ಅಲ್ಲಿ ನನ್ನ ಪ್ಲೇಯರ್ ಇಡುವುದು, ಬೇಕಾದವರು ಬೇಕಾದ್ದನ್ನು ಹಾಕಿ ಕೇಳುವುದು. ಸಮಾಜದ ಅನುಸೂಯಮ್ಮನವರಿಗೆ ವಿಷಯ ಹೇಳಿದೆ. ಮಕ್ಕಳು ಮುಟ್ಟಿ ಹಾಳು ಮಾಡಿದರೆ ಏನು ಮಾಡೋದು ಕಣ್ರೀ ಎಂದು ಅವರು ಹಿಂಜರಿದರು. ಮುಟ್ಟಲಿ ಎಂದೆ. ಮುಳ್ಳು ಹೊಸದು ತರಿಸಿದ್ದೇನೆ.

ಕೊಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಪುಟದಲ್ಲಿ ಮೂರು ರೆಕಾರ್ಡುಗಳ ಕೆಳಗೂ, ಕವರಿನ ಮೇಲೆ ಯಾರ ಹೆಸರೂ ಬರೆದಿಲ್ಲ, ಎಂದು ವಿಶೇಷವಾಗಿ ನಮೂದಿಸಿದ್ದೀರಿ. ಹೆಸರು ಬರೆದ ಕವರನ್ನು ನಿಮ್ಮ ವ್ಯವಹಾರದಲ್ಲಿ ಯಾರೂ ಕೊಳ್ಳುವುದಿಲ್ಲವಂತೆ, ತನ್ಮಯಿ ಹುಡುಕಿ ಹೇಳಿದಳು. ಆದ್ದರಿಂದ ಪ್ಲಾಸ್ಟಿಕ್ ಇದ್ದರೆ ತೆಗೆದು, ಪ್ರತಿಯೊಂದು ಕವರಿನ ಮುಂಭಾಗದಲ್ಲಿಯೇ, ನನ್ನ ಹೆಸರನ್ನೂ ಕೊಂಡ ವರ್ಷವನ್ನೂ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಮಾರ್ವಾವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಪೆನ್ನು ಪಕ್ಕದಲ್ಲಿದೆ. ಇಂದು ಈ ಪತ್ರ ಬರೆದು ಕೈ ಸೋತಿದೆ. ನಾಳೆ ಬೆಳಿಗ್ಗೆ ಶುರು ಮಾಡುತ್ತೇನೆ.

ವತ್ಸಲಾ